ಮೂರು ಕಂತಿನ ರೊಟ್ಟಿ

ಜಂಬ ಕೊಚ್ಚಿಕೊಳ್ಳುವುದು ನಮ್ಮ ಮನೆತನದಲ್ಲಿ ಇಲ್ಲ ಎಂದು ನಮ್ಮತ್ತೆ ಆಗಾಗ ಹೇಳುತ್ತಾರೆ. ಹೇಳುವಾಗಲೇ ಅದರಲ್ಲೊಂದಿಷ್ಟು ಜಂಬ ಸೇರಿಕೊಂಡಿರುತ್ತದೆ, ಆ ಮಾತು ಬೇರೆ. ಆದರೆ ಈ ಒಂದು ವಿಷಯದಲ್ಲಿ ನಾನು ಜಂಬ ಕೊಚ್ಚಿಯೇ ತೀರುತ್ತೇನೆ. ಸ್ಟೆತೋಸ್ಕೋಪ್ ಇಲ್ಲದೆ, ಎಕ್ಸ್‌ರೇ ಇಲ್ಲದೆ, ಪಕ್ಕದ ಕೋಣೆಯಲ್ಲಿ ತಲೆ ಬಾಚಿಕೊಳ್ಳುತ್ತ ನಿಂತಿದ್ದಾಗ ನಾನು ನಮ್ಮತ್ತೆಯ ಎದೆಯ ಸೋಂಕನ್ನು ಕಿವಿಯಿಂದ ಕಂಡುಹಿಡಿದೆ. ಅವರಿಗೆ ಜ್ವರ ಇರಲಿಲ್ಲ. ಕೆಮ್ಮು ಇರಲಿಲ್ಲ. ನನಗೆ ಸಿಕ್ಕಿದ್ದು ರೊಟ್ಟಿ ಬಡಿಯುವ ಸಪ್ಪಳವೊಂದೇ.

ಹಾಗಂತ ನಾನೇನೂ ಹುಟ್ಟಾ ಜಾಣೆಯಲ್ಲ. ಇದಕ್ಕೂ ಮೊದಲು ಒಮ್ಮೆ, ನಾಸಿಕದಲ್ಲಿದ್ದಾಗ, ಇದೇ ಕಾಯಿಲೆ ಕಣ್ಣೆದುರಿಗೇ ಬೆಳೆಯುತ್ತಿದ್ದರೂ ಬಾಯಿ ಮುಚ್ಚಿಕೊಂಡು ಕೂತವಳು ನಾನು. ಆ ಕತೆ ಹೇಳದೆ ಈ ಕತೆ ಹೇಳಿದರೆ ಮೋಸವಾಗುತ್ತದೆ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ವಿಜಯಪುರದಿಂದ ನನಗೆ ನಾಸಿಕಕ್ಕೆ ವರ್ಗವಾದಾಗ ನನ್ನವರು ಸಿನ್ನರಿನ ಒಂದು ಕಾರ್ಖಾನೆಯಲ್ಲಿ ಕೆಲಸ ಹಿಡಿದರು. ಮಗಳು ಅಲ್ಲಿಯ ಶಾಲೆಗೆ ಸೇರಿ ವರ್ಷದೊಳಗೆ ಮರಾಠಿಯಲ್ಲಿ ಜಗಳವಾಡುವಷ್ಟು ಪಳಗಿದಳು. ಕಷ್ಟವಾದದ್ದು ಅತ್ತೆಗೆ. ಮಗನ ನೌಕರಿಗೆ ಬೆನ್ನು ಹತ್ತಿ ಹೋಗುವ ತಾಯಂದಿರನ್ನು ಅವರು ನೋಡಿದ್ದರು. ಸೊಸೆಯ ನೌಕರಿಗೆ ಗಂಟುಮೂಟೆ ಕಟ್ಟಿದವರು ಅವರ ಓಣಿಯಲ್ಲೇ ಮೊದಲಿಗರು. ಆ ಸಿಟ್ಟನ್ನೆಲ್ಲ ಅವರು ಜೋಳದ ಹಿಟ್ಟಿನ ಮೇಲೆ ತೀರಿಸಿಕೊಳ್ಳುತ್ತಿದ್ದರು. ಮನೆಯಲ್ಲಿ ರೊಟ್ಟಿ ಬಡಿಯುವ ಹಕ್ಕು ಅವರೊಬ್ಬರದೇ. ನಾನು ಒಮ್ಮೆ ಹಿಟ್ಟಿಗೆ ಕೈ ಹಾಕಿದ್ದಕ್ಕೆ, “ನಿನ್ನ ರೊಟ್ಟಿ ಮ್ಯಾಲ ಕೂತ್ರ ಮಣಿ ಆಗ್ತದ, ತಿಂದ್ರ ಹಲ್ಲ ಹೋಗ್ತಾವ,” ಎಂದು ಶಾಶ್ವತವಾಗಿ ಹೊರಗೆ ಹಾಕಿದ್ದರು.

ಒಂದು ಚಳಿಗಾಲ ಅವರನ್ನು ತ್ರ್ಯಂಬಕೇಶ್ವರಕ್ಕೆ ಕರೆದುಕೊಂಡು ಹೋದೆವು. ಬರುವಾಗ ಸಿಕ್ಕ ಜೀಪಿನ ಹಿಂದಿನ ಪರದೆ ಹರಿದಿತ್ತು, ದಾರಿಯುದ್ದಕ್ಕೂ ತಣ್ಣನೆ ಗಾಳಿ ಹೊಡೆಯಿತು. ಮೂರನೆಯ ದಿನಕ್ಕೆ ಕೆಮ್ಮು, ಜ್ವರ. ನಾಸಿಕದಲ್ಲಿ ಚಳಿಗಾಲದ ಕೆಮ್ಮಿಗೆಲ್ಲ ದ್ರಾಕ್ಷಿಯೇ ಆರೋಪಿ. ಅತ್ತೆ ದ್ರಾಕ್ಷಿ ತಿಂದಿದ್ದರು, ಹಾಗಾಗಿ ತನಿಖೆ ಅಲ್ಲಿಗೇ ಮುಗಿಯಿತು. ಶುಂಠಿ ಕಷಾಯ, ಅಜವಾನದ ಗಂಟಿನ ಶಾಖ, ಎದೆಗೆ ಬಿಸಿ ಎಣ್ಣೆ. ಜ್ವರ ಇಳಿಯದಿದ್ದಾಗ ಕೊನೆಗೆ ಡಾಕ್ಟರಿಗೆ ತೋರಿಸಿದೆವು. ಎದೆಯಲ್ಲಿ ಸೋಂಕಿದೆ, ಜ್ವರ ಇಳಿದರೂ ಏಳು ದಿನದ ಮಾತ್ರೆ ಪೂರ್ತಿ ಮುಗಿಸಬೇಕು ಎಂದು ಅವರು ಎರಡೆರಡು ಸಲ ಹೇಳಿ ಕಳಿಸಿದರು.

ಮೂರು ದಿನಕ್ಕೆ ಜ್ವರ ಇಳಿಯಿತು. ನಾಲ್ಕನೆಯ ದಿನ ಏಕಾದಶಿ. ಅತ್ತೆಯ ಏಕಾದಶಿ ಎಂದರೆ ನೀರೂ ಮುಟ್ಟದ ಏಕಾದಶಿ. ಮಾತ್ರೆಯನ್ನು ಊಟದ ಮೇಲೆ ತೆಗೆದುಕೊಳ್ಳಬೇಕು, ಊಟವಿಲ್ಲ, ಆದ್ದರಿಂದ ಮಾತ್ರೆಯೂ ಇಲ್ಲ. ಮಾರನೆಯ ದಿನ, “ಈಗ ಆರಾಮ ಆಗೇನಿ, ಮತ್ಯಾಕ ಗುಳಿಗಿ? ಮುಂದ ಯಾರಿಗರ ಬೇಕಾಗ್ತಾವ,” ಎಂದು ಉಳಿದ ಮಾತ್ರೆಗಳನ್ನು ದೇವರ ಗೂಡಿನಲ್ಲಿದ್ದ ಕುಂಕುಮದ ಹಳೆ ಡಬ್ಬಿಯಲ್ಲಿ ಹಾಕಿ ಮುಚ್ಚಿದರು. ನಾನು ಅದನ್ನು ನೋಡಿದೆ. ನೋಡಿಯೂ ಸುಮ್ಮನಿದ್ದೆ. ಬೆಳಿಗ್ಗೆ ಬೆಳಿಗ್ಗೆ ಯಾರು ಜಗಳ ತೆಗೆಯಬೇಕು ಎನ್ನುವ ಸೋಮಾರಿತನ ಅದು. ಇವತ್ತಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಹತ್ತು ದಿನ ಕಳೆಯುವುದರೊಳಗೆ ಅವರಿಗೆ ಒಂದು ಮಾತನ್ನು ಒಂದೇ ಉಸಿರಿನಲ್ಲಿ ಮುಗಿಸಲು ಆಗದಂತಾಯಿತು. ತುಟಿ ನೀಲಿಗಟ್ಟಿತ್ತು. ಆಸ್ಪತ್ರೆಯಲ್ಲಿ ಮೂಗು ಬಾಯಿ ಮುಚ್ಚುವ ಆಮ್ಲಜನಕದ ಮುಖವಾಡ ಹಾಕಿದರು, ಪಕ್ಕೆಯಲ್ಲಿ ತುಂಬಿಕೊಂಡಿದ್ದ ನೀರನ್ನು ಸೂಜಿ ಹಾಕಿ ತೆಗೆದರು. ಒಂದು ರಾತ್ರಿಯ ಮಟ್ಟಿಗಂತೂ ನಮ್ಮ ಕೈಬಿಟ್ಟೇ ಹೋದರು ಎಂದುಕೊಂಡಿದ್ದೆವು. ಅಲ್ಲಿ ಮಲಗಿದ್ದ ಮೈಯನ್ನು ನೋಡಿದಾಗ, ನನ್ನನ್ನು ದಿನಾ ಬೈಯುವ ಹೆಂಗಸು ಇಷ್ಟು ಸಣ್ಣವಳೇ ಎನಿಸಿತು. ಒಂಬತ್ತು ದಿನದ ಮೇಲೆ ಮನೆಗೆ ಬಂದರು.

ಬರುವ ದಿನ ಅಲ್ಲಿಯ ವಯಸ್ಸಾದ ಡಾಕ್ಟರೊಬ್ಬರು ನನ್ನನ್ನು ಬೆಂಚಿನ ಮೇಲೆ ಕೂರಿಸಿಕೊಂಡು, ಮರಾಠಿ ಬೆರೆಸಿದ ಹಿಂದಿಯಲ್ಲಿ ಪಾಠ ಮಾಡಿದರು. ವಯಸ್ಸಾದವರಿಗೆ ಎದೆಯ ಸೋಂಕಾದರೆ ಜ್ವರ, ಕೆಮ್ಮು ಬಂದೇ ಬರುತ್ತವೆ ಎಂದು ಕಾಯಬೇಡಿ. ಊಟ ಸೇರುವುದಿಲ್ಲ, ಮಾತು ಅದಲುಬದಲಾಗುತ್ತದೆ, ಸುಮ್ಮನೆ ಕೂತಿರುತ್ತಾರೆ, ಒಮ್ಮೊಮ್ಮೆ ಅಷ್ಟೇ ಗುರುತು. ಉಸಿರು ಮಾತ್ರ ಜೋರಾಗಿ ಓಡುತ್ತದೆ. ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಿ, ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡುವ ಕಳ್ಳತನ ಬೇಡ. ಕೂತಲ್ಲೇ ಇಪ್ಪತ್ತರೊಳಗಿದ್ದರೆ ಚಿಂತೆಯಿಲ್ಲ, ಇಪ್ಪತ್ತೈದು ದಾಟಿದರೆ ಡಾಕ್ಟರಿಗೆ ತೋರಿಸಿ, ಮೂವತ್ತಾದರೆ ಚಪ್ಪಲಿ ಹುಡುಕುತ್ತಲೂ ನಿಲ್ಲಬೇಡಿ. “ಒಂದು ಮಾತು,” ಎಂದರು ಕೊನೆಗೆ. “ನೀವು ಎಣಿಸುತ್ತಿದ್ದೀರಿ ಅಂತ ಅವರಿಗೆ ಗೊತ್ತಾಗಬಾರದು. ಗೊತ್ತಾದರೆ ಉಸಿರಿನ ನಡಿಗೆಯೇ ಬದಲಾಗುತ್ತದೆ.”

ಅಂದಿನಿಂದ ನಾನು ಕಳ್ಳಿಯಾದೆ. ಅತ್ತೆ ಸಂಜೆ ಬೆನ್ನು ಮಾಡಿ ಕೂತು ಮೆಂತ್ಯದ ಸೊಪ್ಪು ಬಿಡಿಸುವಾಗ, ನಾನು ಹಿಂದಿನಿಂದ ಸೆರಗಿನ ಏರಿಳಿತ ನೋಡುತ್ತ ಗೋಡೆ ಗಡಿಯಾರದ ಮುಳ್ಳಿನ ಜೊತೆ ಎಣಿಸುತ್ತಿದ್ದೆ. ಹದಿನೇಳು, ಹದಿನೆಂಟು, ಹದಿನೇಳು. ಇದನ್ನು ಗಂಡನಿಗೂ ಹೇಳಿರಲಿಲ್ಲ. ಅವರಿಗೆ ಹೇಳಿದರೆ ಅವರ ತಾಯಿಗೆ ಹೇಳಿದಂತೆಯೇ.

ಎರಡು ವರ್ಷದ ಮೇಲೆ ನನಗೆ ಛತ್ರಪತಿ ಸಂಭಾಜಿನಗರಕ್ಕೆ ವರ್ಗವಾಯಿತು. ಬಿಡಕಿನ್ ಕಡೆ ಹೊಸ ಕಾರ್ಖಾನೆಗಳು ಏಳುತ್ತಿದ್ದವು, ಅಲ್ಲಿಯ ಶಾಖೆಗೆ ಜನ ಬೇಕಾಗಿತ್ತು. ನನ್ನವರ ಕೆಲಸ ಸಿನ್ನರಿನಲ್ಲಿ, ಮಗಳ ಕಾಲೇಜು ನಾಸಿಕದಲ್ಲಿ. ಅವರಿಬ್ಬರೂ ಅಲ್ಲೇ ಉಳಿಯುವುದೆಂದಾಯಿತು. ಅತ್ತೆ ಮಗನ ಜೊತೆ ಇರುತ್ತಾರೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ನಾನು ಒಳಗೊಳಗೇ ಸ್ವಾತಂತ್ರ್ಯದ ಕನಸು ಕಾಣುತ್ತಿದ್ದೆ. ಹೊರಡುವ ಹಿಂದಿನ ದಿನ ನೋಡಿದರೆ ಅತ್ತೆಯ ಟ್ರಂಕು ನನ್ನ ಸೂಟ್‌ಕೇಸಿನ ಪಕ್ಕ ಬಂದು ಕೂತಿತ್ತು.

“ನೀವೂ ಬರ್ತೀರೇನ್ರಿ ಅತ್ಯಾರ?” ಎಂದೆ.

“ಅವನಿಗೆ ಕಾರ್ಖಾನ್ಯಾಗ ಊಟ ಸಿಗ್ತದ. ಹುಡುಗಿ ಮ್ಯಾಗಿ ತಿಂದು ಬದುಕ್ತಾಳ. ನಿನಗ ಯಾರ ಅದಾರ?” ಎಂದರು. “ರೊಟ್ಟಿ ಬಡೀಲಿಕ್ಕೆ ಬರ್ತದೇನ ನಿನಗ?”

ಹೀಗೆ ನಾವಿಬ್ಬರೇ ಸಂಭಾಜಿನಗರದಲ್ಲಿ ಮೂರನೆಯ ಅಂತಸ್ತಿನ ಒಂದು ಫ್ಲ್ಯಾಟಿನಲ್ಲಿ ಸಂಸಾರ ಹೂಡಿದೆವು. ಲಿಫ್ಟ್ ಇತ್ತು. ಅತ್ತೆ ಒಮ್ಮೆಯೂ ಹತ್ತಲಿಲ್ಲ. ಬಾಗಿಲು ಮುಚ್ಚಿಕೊಂಡರೆ ಒಳಗೇ ಜೀವ ಹೋಗುತ್ತದೆಂದು ಮೂರು ಅಂತಸ್ತನ್ನೂ ಕಾಲಲ್ಲೇ ಹತ್ತಿ ಇಳಿಯುತ್ತಿದ್ದರು. ಅಡುಗೆಮನೆ ಕಟ್ಟೆಯ ಮೇಲೆ ಬೆಳಿಗ್ಗೆ ಏಳೂವರೆಗೆ ರೊಟ್ಟಿ ಶುರು. ಮೊದಲು ನಿಧಾನಕ್ಕೆ ನಾಲ್ಕು ಏಟು, ಆಮೇಲೆ ರೊಟ್ಟಿ ಹರಡುತ್ತ ಹೋದಂತೆ ಕೈಯೂ ಜೋರಾಗಿ, ಕೊನೆಗೆ ಅಂಚು ತಿರುಗಿಸುವಾಗ ಸಣ್ಣ ಸಣ್ಣ ಏಟು. ಒಂದು ರೊಟ್ಟಿಗೆ ಒಂದೇ ದಮ್ಮು. ಮಧ್ಯೆ ನಿಂತರೆ ಹಿಟ್ಟು ಸೀಳುತ್ತದೆ ಎನ್ನುವುದು ಅವರ ಶಾಸ್ತ್ರ. ಬಂದ ವಾರದಲ್ಲೇ ಕೆಳಗಿನ ಮನೆಯ ನಿವೃತ್ತ ಶಿಕ್ಷಕಿ ಮೇಲೆ ಬಂದು, ನಿಮ್ಮ ಮನೆಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಯಾರು ಗೋಡೆ ಒಡೆಯುತ್ತಾರೆ ಎಂದು ಮರಾಠಿಯಲ್ಲಿ ಕೇಳಿದ್ದರು. ರೊಟ್ಟಿ, ಅವರ ಮಾತಿನಲ್ಲಿ ಭಾಕರಿ, ಎಂದು ತಿಳಿದ ಮೇಲೆ ಮುಖ ಸಡಿಲಿಸಿದರು. ಆದರೂ ಸ್ವಲ್ಪ ಮೆಲ್ಲಗೆ ಬಡಿಯಿರಿ ಎಂದೇ ಹೋದರು. ಅತ್ತೆ ಮೆಲ್ಲಗೆ ಬಡಿಯಲಿಲ್ಲ.

ಆ ದಿನವೂ ಏಕಾದಶಿಯೇ ಆಗಿತ್ತು. ಅತ್ತೆ ಏನೂ ತಿನ್ನುವುದಿಲ್ಲ, ಆದರೆ ನನ್ನ ಡಬ್ಬಿಗೆ ರೊಟ್ಟಿ ಬಡಿಯುವುದನ್ನು ಬಿಡುವುದಿಲ್ಲ. ಬ್ಯಾಂಕಿಗೆ ತಪಾಸಣೆಯವರು ಬರುವವರಿದ್ದರು, ನಾನು ಬೇಗ ಹೊರಡಬೇಕಿತ್ತು. ಅತ್ತೆ ಚಹಾ ತಂದಿಟ್ಟರು. ಒಂದು ಗುಟುಕು ಬಾಯಿಗೆ ಹಾಕಿದೆ, ಸಕ್ಕರೆಯ ಬದಲು ಉಪ್ಪು. ಹಾಗೇ ಉಗಿದು ಕಪ್ಪನ್ನು ಪಕ್ಕಕ್ಕಿಟ್ಟೆ. ಹೇಳಿದರೆ ತಪ್ಪು ನನ್ನದೇ ಆಗುತ್ತದೆಂದು ಹೇಳಲಿಲ್ಲ. ಕನ್ನಡಿಯ ಮುಂದೆ ನಿಂತು ತಲೆ ಬಾಚತೊಡಗಿದೆ.

ಒಳಗೆ ರೊಟ್ಟಿ ಶುರುವಾಯಿತು. ನಾಲ್ಕು ಏಟು. ಜೋರಾಯಿತು. ನಿಂತಿತು.

ಫೋನು ಬಂದಿರಬೇಕು ಎಂದುಕೊಂಡೆ. ಫೋನು ನನ್ನ ಎದುರಿಗೇ ಇತ್ತು. ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಮೂರನೆಯ ಸಲ ಎತ್ತಿಕೊಂಡು ಮುಗಿಸಿದರು. ಅದು ಮುಗಿದು ಎರಡನೆಯ ರೊಟ್ಟಿ. ಅದೂ ಹಾಗೆಯೇ. ಜೀವಮಾನದಲ್ಲಿ ರೊಟ್ಟಿಯನ್ನು ಅರ್ಧಕ್ಕೆ ಬಿಡದ ಹೆಂಗಸು ಅಂದು ಒಂದು ರೊಟ್ಟಿಯನ್ನು ಮೂರು ಕಂತಿನಲ್ಲಿ ಬಡಿಯುತ್ತಿದ್ದರು. ಬಾಚಣಿಗೆ ತಲೆಯಲ್ಲೇ ಉಳಿಯಿತು.

ಒಳಗೆ ಹೋದೆ. ಅತ್ತೆ ಕಟ್ಟೆಗೆ ಎರಡೂ ಕೈ ಊರಿ ನಿಂತಿದ್ದರು. ಮುಖದ ಮೇಲೆ ನೋವಿಲ್ಲ, ನರಳಾಟವಿಲ್ಲ. ನನ್ನನ್ನು ನೋಡಿ, “ಅವನ ಸ್ನಾನ ಆತೇನ? ನೀರ ಆರ್ತಾವ ನೋಡು,” ಎಂದರು. ಅವನು ಎಂದರೆ ನನ್ನವರು. ಅವರು ಆ ಹೊತ್ತಿಗೆ ನಾಸಿಕದಲ್ಲಿದ್ದರು. ಆಗ ಉಪ್ಪಿನ ಚಹಾ ನೆನಪಾಯಿತು.

“ಆಗೇದ್ರಿ. ನೀವು ಸ್ವಲ್ಪ ಕೂಡ್ರಿ,” ಎಂದು ಸ್ಟೂಲಿನ ಮೇಲೆ ಕೂರಿಸಿದೆ. ಹಣೆ ಮುಟ್ಟಿದರೆ ಬಿಸಿಯಿಲ್ಲ. ಥರ್ಮಾಮೀಟರ್ ಇಟ್ಟರೂ ಜ್ವರವಿಲ್ಲ. ಅವರ ಹಿಂದೆ ನಿಂತು, ನಿಮ್ಮ ಜಡೆ ಬಿಚ್ಚಿಹೋಗಿದೆ, ಕಟ್ಟಿಕೊಡುತ್ತೇನೆ ಎಂಬ ನೆಪ ಹೂಡಿ, ಗೋಡೆ ಗಡಿಯಾರ ನೋಡಿದೆ. ಬೇರೆ ದಿನವಾದರೆ ನನ್ನ ಕೈ ತಳ್ಳಿಬಿಡುತ್ತಿದ್ದರು. ಅಂದು ಸುಮ್ಮನೆ ತಲೆ ಒಡ್ಡಿದರು. ಮೂವತ್ತೊಂದು. ನನ್ನ ಎಣಿಕೆಯ ಮೇಲೆ ನನಗೇ ನಂಬಿಕೆ ಬರದೆ ಇನ್ನೊಂದು ನಿಮಿಷ ಎಣಿಸಿದೆ. ಮೂವತ್ತೆರಡು.

ಗಂಡನಿಗೆ ಫೋನು ಮಾಡಿದೆ. “ಏಕಾದಶಿ ಅಲ್ಲೇನು ಇವತ್ತು? ಉಪಾಸದ ನಿಶ್ಶಕ್ತಿ ಇರಬೇಕು. ಜ್ವರಾ ಇಲ್ಲಲ್ಲ? ಸಂಜೀತನಕ ನೋಡೂಣು,” ಎಂದರು.

“ಉಪಾಸ ಮಾಡಿದವರು ಉಸಿರು ಜೋರ ಬಿಡೂದಿಲ್ಲ,” ಎಂದೆ. “ನಾ ಸಂಜೀತನಕ ನೋಡಾಕಿ ಅಲ್ಲ. ನೀವು ಬಸ್ ಹಿಡೀರಿ.” ಇಷ್ಟು ಹೇಳಿ ಅವರ ಉತ್ತರಕ್ಕೂ ಕಾಯದೆ ಇಟ್ಟೆ. ಆಮೇಲೆ ಮ್ಯಾನೇಜರಿಗೆ ಫೋನು ಮಾಡಿ ಇವತ್ತು ಬರುವುದಿಲ್ಲ ಎಂದೆ. ತಪಾಸಣೆಯ ದಿನ ರಜೆ ಕೇಳುವುದೆಂದರೆ ಏನೆಂದು ಬ್ಯಾಂಕಿನವರಿಗೆ ಗೊತ್ತು. ಅವರೂ ಒಂದೆರಡು ಮಾತು ಅಂದರು. ಅನ್ನಲಿ ಎಂದು ಬಿಟ್ಟೆ.

ಬಾಗಿಲು ತೆಗೆದರೆ ಕೆಳಗಿನ ಮನೆಯ ಶಿಕ್ಷಕಿ ಮೆಟ್ಟಿಲು ಹತ್ತಿ ಬರುತ್ತಿದ್ದರು. ಇವತ್ತು ಎರಡು ಭಾಕರಿಗೆ ಇಷ್ಟು ಹೊತ್ತೇಕೆ, ನಿಂತು ನಿಂತು ಬಡಿಯುತ್ತಿದ್ದಾರೆ, ಆಜಿಗೆ ಆರಾಮವಿಲ್ಲವೇ ಎಂದು ಕೇಳಿದರು. ನನಗೆ ಅವರನ್ನು ಅಪ್ಪಿಕೊಳ್ಳಬೇಕೆನಿಸಿತು. ಅಷ್ಟು ದಿನ ಸಪ್ಪಳವೆಂದು ಮುಖ ಗಂಟು ಹಾಕಿದ ಆ ಕಿವಿ, ಅಂದು ನನ್ನ ಕಿವಿಗೆ ಸಾಕ್ಷಿ ಹೇಳಿತು. ಇಬ್ಬರೂ ಸೇರಿ ಅತ್ತೆಯ ರಟ್ಟೆ ಹಿಡಿದು ಹೊರಗೆ ತಂದೆವು. ಲಿಫ್ಟಿನ ಬಾಗಿಲು ತೆರೆಯಿತು. ಅತ್ತೆ ತುಟಿ ಪಿಟ್ಟೆನ್ನದೆ ಒಳಗೆ ಬಂದು ನಿಂತರು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ.

ಆಸ್ಪತ್ರೆಯಲ್ಲಿ ಕೌಂಟರಿನ ಹುಡುಗಿ ಅತ್ತೆಯ ಹಣೆಗೆ ಪಿಸ್ತೂಲಿನಂತಹ ಯಂತ್ರ ಹಿಡಿದು, ಜ್ವರ ಇಲ್ಲ ಕಾಕೂ, ಕೂತುಕೊಳ್ಳಿ, ನಂಬರು ಬಂದಾಗ ಕರೆಯುತ್ತೇವೆ ಎಂದಳು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಆದರೂ ಅಂದು ಕೂಗಾಡಲಿಲ್ಲ. “ನಾನೂ ಕೌಂಟರಿನಲ್ಲೇ ಕೂಡುವವಳು. ಜನರಿಗೆ ಕಾಯಿರಿ ಅಂತ ದಿನಾ ಹೇಳುವವಳು,” ಎಂದು ನನ್ನ ಹರುಕುಮುರುಕು ಮರಾಠಿಯಲ್ಲಿ ಹೇಳಿದೆ. “ನಿನ್ನ ಕೈಯಲ್ಲಿ ಗಡಿಯಾರ ಇದೆ. ಇವರ ಉಸಿರು ಒಂದೇ ಒಂದು ನಿಮಿಷ ಎಣಿಸು. ಆಮೇಲೆ ನೀನು ಹೇಳಿದಷ್ಟು ಹೊತ್ತು ಕಾಯುತ್ತೇನೆ.” ಹುಡುಗಿ ಒಳ್ಳೆಯವಳು. ಎಣಿಸಿದಳು. ಎಣಿಸುತ್ತ ಎಣಿಸುತ್ತ ಅವಳ ಮುಖ ಬದಲಾಯಿತು. ನಿಮಿಷ ಮುಗಿಯುವ ಮೊದಲೇ ಎದ್ದು ಒಳಗೆ ಓಡಿದಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಬೆರಳಿಗೆ ಚಿಮಟಿಗೆ ಹಾಕಿ ಆಮ್ಲಜನಕ ನೋಡಿದರು, ಕಡಿಮೆಯಿತ್ತು. ಬೆನ್ನಿಗೆ ಸ್ಟೆತೋಸ್ಕೋಪ್ ಇಟ್ಟು ಬಲಗಡೆ ಕೆಳಗೆ ಬಹಳ ಹೊತ್ತು ಕೇಳಿದರು. ಎಕ್ಸ್‌ರೇ ಬಂತು. ಕಪ್ಪಾಗಿರಬೇಕಾದ ಕಡೆ ಅಂಗೈ ಅಗಲ ಬಿಳಿಯ ಮಚ್ಚೆ. ನ್ಯುಮೋನಿಯಾ, ಈಗಷ್ಟೇ ಬಲಿಯುತ್ತಿದೆ, ಸೇರಿಸಿಕೊಳ್ಳುತ್ತೇನೆ ಎಂದರು. ಆಮೇಲೆ ನನ್ನತ್ತ ತಿರುಗಿ, ಜ್ವರವಿಲ್ಲ, ಕೆಮ್ಮಿಲ್ಲ, ಉಪವಾಸದ ದಿನ ಬೇರೆ, ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು.

“ರೊಟ್ಟಿ ಬಡಿಯುವ ಸಪ್ಪಳದಿಂದ,” ಎಂದೆ.

ಅವರು ಅರ್ಥವಾಗದೆ ನೋಡಿದರು. ನಾನು ಅವರ ಮೇಜಿನ ಮೇಲೆಯೇ ಅಂಗೈಯಿಂದ ಬಡಿದು ತೋರಿಸಿದೆ: ದಿನಾ ಹೀಗೆ, ಇವತ್ತು ಹೀಗೆ. ಡಾಕ್ಟರು ನಕ್ಕರು. ನಕ್ಕು, ನಮ್ಮ ಆಜಿಯೂ ಭಾಕರಿ ಬಡಿಯುತ್ತಿದ್ದಳು ಎಂದರು. ಪಕ್ಕದಲ್ಲಿ ನಿಂತಿದ್ದ ನರ್ಸಿಗೆ, ಇದನ್ನು ಬರೆದುಕೋ, ಕೆಲಸ ಮಾಡುವಾಗ ಏದುಸಿರು ಎಂದರು. “ಎರಡು ದಿನ ತಡ ಮಾಡಿ ತಂದಿದ್ದರೆ ನಾನು ನಿಮ್ಮ ಜೊತೆ ನಗುತ್ತಿರಲಿಲ್ಲ,” ಎಂದೂ ಸೇರಿಸಿದರು. ಅಷ್ಟು ಸಂತೋಷ ನನಗೆ ಬಡ್ತಿ ಸಿಕ್ಕಾಗಲೂ ಆಗಿರಲಿಲ್ಲ. ಅತ್ತೆ ಹಾಸಿಗೆಯ ಮೇಲೆ ಮಲಗಿರುವಾಗ ಹೀಗೆ ಸಂತೋಷಪಡಬಹುದೇ ಎಂದು ಒಂದು ಗಳಿಗೆ ಅನಿಸಿತು. ಆದರೂ ಪಟ್ಟೆ.

ಮೂಗಿಗೆ ಸಣ್ಣ ನಳಿಕೆಯಿಂದ ಆಮ್ಲಜನಕ, ಕೈಗೆ ಸಲೈನು, ಅದರಲ್ಲಿ ಔಷಧ. ಮಧ್ಯಾಹ್ನಕ್ಕೆ ನನ್ನವರು ಬಂದು ಸಪ್ಪೆ ಮುಖ ಮಾಡಿಕೊಂಡು ನಿಂತರು. ನಾನು ಎಕ್ಸ್‌ರೇ ಕೈಗೆ ಕೊಟ್ಟೆ, ಸಾಕಾಗಿತ್ತು. ಸಂಜೆಯ ಹೊತ್ತಿಗೆ ಅತ್ತೆಯ ಕಣ್ಣಿಗೆ ಹಳೆಯ ಕಳೆ ಬಂತು. ಮಗನನ್ನು ಗುರುತಿಸಿದರು. ನನ್ನ ಬಿಚ್ಚಿದ ತಲೆ ನೋಡಿ, “ಹೀಂಗ ಬಂದೀಯೇನ ದವಾಖಾನಿಗೆ?” ಎಂದರು. ಬಾಚಣಿಗೆ ಎಲ್ಲಿ ಬಿತ್ತೋ ನನಗೇ ಗೊತ್ತಿರಲಿಲ್ಲ. ಅವರು ಬೈದದ್ದು ಕೇಳಿ ನನಗೆ ಕಣ್ಣಲ್ಲಿ ನೀರು ಬಂತು.

ಆದರೆ ನೆನಪು ಬಂದದ್ದೇ ತಡ, ಪಂಚಾಂಗವೂ ನೆನಪಿಗೆ ಬಂತು. ನರ್ಸ್ ಗಂಜಿಯ ಬಟ್ಟಲನ್ನೂ ಎರಡು ಮಾತ್ರೆಯನ್ನೂ ತಂದಾಗ ಅತ್ತೆ ಮುಖ ತಿರುಗಿಸಿದರು. “ಇವತ್ತು ಏಕಾದಶಿ. ಗುಳಿಗಿ ನಾಳೆ ನೋಡೂಣು.” ಸಲೈನು ನಡೆದಿದೆ, ಆದರೆ ಈ ಮಾತ್ರೆಗಳೂ ಇವತ್ತೇ ಹೋಗಬೇಕು, ಹೊಟ್ಟೆಗೆ ಏನಾದರೂ ಬೀಳಬೇಕು ಎಂದು ನರ್ಸ್ ಹೇಳಿದರು. ಮಗ ಕೈಮುಗಿದು ಕೇಳಿಕೊಂಡರು. ಅತ್ತೆ ಕಣ್ಣು ಮುಚ್ಚಿ ಮಲಗಿದರು. ಅವರು ಹಾಗೆ ಕಣ್ಣು ಮುಚ್ಚಿದರೆ ದೇವರು ಬಂದರೂ ತೆರೆಯಿಸಲಾರ.

ನನ್ನ ಕಣ್ಣೆದುರು ಕುಂಕುಮದ ಡಬ್ಬಿ ಬಂದು ನಿಂತಿತು. ಆ ಸಲ ನಾನು ಸುಮ್ಮನಿದ್ದೆ. ಈ ಸಲ ಬಾಯಿ ಬಿಟ್ಟೆ.

“ಅತ್ಯಾರ, ನಿಮ್ಮ ಇವತ್ತಿನ ಏಕಾದಶಿ ನನಗ ಕೊಡ್ರಿ. ನಿಮ್ಮ ಬದಲಿ ನಾ ಮಾಡ್ತೀನಿ. ನೀವು ಗುಳಿಗಿ ತೊಗೊಳ್ರಿ.”

ಅತ್ತೆ ಒಂದು ಕಣ್ಣು ತೆರೆದರು. “ನೀ? ಚಹಾ ಇಲ್ಲದ ಒಂದು ತಾಸು ಇರಾಂಗಿಲ್ಲ ನೀ. ಮಾಡ್ತೀನಿ ಅಂತ ಈಗ ಹೇಳಿದ್ರ ಬರ್ತದೇನ? ಏಕಾದಶಿ ಬೆಳಗಿನಿಂದ ಹಿಡೀಬೇಕು.”

“ಬೆಳಗಿನಿಂದ ನನ್ನ ಹೊಟ್ಟಿಗೆ ಒಂದು ಹನಿ ನೀರೂ ಹೋಗಿಲ್ರಿ.”

ಹೇಳಿದ ಮೇಲೆಯೇ ನನಗೂ ಹೊಳೆದದ್ದು, ಅದು ನಿಜ. ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಲ್ಲಿ ಕೌಂಟರಿನಿಂದ ಎಕ್ಸ್‌ರೇಗೆ, ಔಷಧದ ಅಂಗಡಿಗೆ ಓಡಾಡಿದ್ದೇ ಆಗಿತ್ತು. ಒಲೆಯ ಮೇಲೆ ಬೆಂದ ಆ ಎರಡು ರೊಟ್ಟಿ ಹಾಗೆಯೇ ಬುಟ್ಟಿಯಲ್ಲಿ ಉಳಿದಿದ್ದವು.

“ಚಹಾ?” ಎಂದರು ಅತ್ತೆ, ವಕೀಲರ ಧಾಟಿಯಲ್ಲಿ.

“ಅದರಾಗ ನೀವು ಉಪ್ಪು ಹಾಕಿದ್ರಿ. ಉಗುಳಿ ಇಟ್ಟೆ.”

ತಾವು ಚಹಾಕ್ಕೆ ಉಪ್ಪು ಹಾಕಿದ ಸಂಗತಿ ಅತ್ತೆಯನ್ನು ಎಕ್ಸ್‌ರೇಗಿಂತ ಹೆಚ್ಚು ಹೆದರಿಸಿತೆಂದು ಕಾಣುತ್ತದೆ. ಆಮೇಲೆ, “ನಾಳೆ ಮುಂಜಾನಿ ಪಾರಣಿ ಆಗೂತನಕ ಏನೂ ಮುಟ್ಟಬ್ಯಾಡ ಮತ್ತ,” ಎಂದು ಬಾಯಿ ತೆರೆದರು. ಮಾತ್ರೆ ಒಳಗೆ ಹೋಯಿತು. ಗಂಜಿಯೂ ಹೋಯಿತು. ಮದುವೆಯಾಗಿ ಇಪ್ಪತ್ತಾರು ವರ್ಷಗಳಲ್ಲಿ ನಾನು ಮಾಡಿದ ಮೊದಲ ಏಕಾದಶಿ ಅದು. ಹಸಿವು ಹೊಟ್ಟೆಯಲ್ಲಿ ಕುಣಿಯುತ್ತಿತ್ತು, ತಲೆ ಸಿಡಿಯುತ್ತಿತ್ತು, ಆದರೆ ನನ್ನ ಹಾಗೆ ಗೆದ್ದವರು ಅಂದು ಆ ಊರಲ್ಲಿ ಇನ್ನೊಬ್ಬರಿರಲಿಲ್ಲ.

ಮಾರನೆಯ ಬೆಳಿಗ್ಗೆ ನನ್ನವರನ್ನು ಅಲ್ಲಿ ಕೂರಿಸಿ ಮನೆಗೆ ಬಂದು ಸ್ನಾನ ಮಾಡಿದೆ. ಕೆಳಗಿನ ಶಿಕ್ಷಕಿ ಶೇಂಗಾ ಚಟ್ನಿ ತಂದುಕೊಟ್ಟರು. ನಿನ್ನೆಯ ಎರಡು ರೊಟ್ಟಿ ತೆಗೆದು ನೋಡಿದೆ. ಒಂದು ಕಡೆ ದಪ್ಪ, ಒಂದು ಕಡೆ ತೆಳುವು, ಅಂಚಿನಲ್ಲಿ ಸೀಳು. ಉಸಿರು ಸಾಲದೆ ನಿಂತಲ್ಲೆಲ್ಲ ಬೆರಳಿನ ಗುರುತು ಬಿದ್ದಿತ್ತು. ಕಟ್ಟೆಯ ಹತ್ತಿರವೇ ನಿಂತು ಎರಡನ್ನೂ ತಿಂದೆ. ಹಲ್ಲಿಗೆ ಕೆಲಸವಿತ್ತು. ಅಳುತ್ತ ತಿಂದೆ ಎಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ನಾಸಿಕದಲ್ಲಿ ಒಂಬತ್ತು ದಿನ ಹಿಡಿದದ್ದು ಇಲ್ಲಿ ಐದೇ ದಿನದಲ್ಲಿ ಮುಗಿಯಿತು. ಮುಖವಾಡ ಬೇಕಾಗಲಿಲ್ಲ, ಸೂಜಿ ಹಾಕಿ ನೀರು ತೆಗೆಯುವ ಮಾತೂ ಬರಲಿಲ್ಲ. ಬರುವಾಗ ಅತ್ತೆ ಲಿಫ್ಟನ್ನು ನೋಡಿ, “ಇದರಾಗ ನಾ ಬರೂದಿಲ್ಲ,” ಎಂದರು. ಮೊದಲೊಮ್ಮೆ ಬಂದಿದ್ದೀರಿ ಎಂದರೆ ನಂಬಲೇ ಇಲ್ಲ. ಒಂದೊಂದು ಅಂತಸ್ತಿನಲ್ಲಿ ಕುರ್ಚಿ ಹಾಕಿ ಕೂರಿಸಿ ಹತ್ತಿಸಿದೆವು. ಉಳಿದ ಮಾತ್ರೆಗಳನ್ನು ನನ್ನ ಕೈಯಾರೆ ಕೊಟ್ಟೆ, ಕೊನೆಯದರ ತನಕ. ಮುಗಿದ ಮೇಲೆ ಮಾತ್ರೆಯ ಖಾಲಿ ಹಾಳೆಯನ್ನು ಅವರ ಮುಂದೆ ಹಿಡಿದು ತೋರಿಸಿದೆ. ಅವರು ಕುಂಕುಮದ ಡಬ್ಬಿ ತರಿಸಿ, ಅದರಲ್ಲಿ ಈಗ ಕುಂಕುಮವೇ ಇದೆ ಎಂದು ಮುಚ್ಚಳ ತೆಗೆದು ತೋರಿಸಿದರು. ನನ್ನವರು ಸಿನ್ನರಿಗೆ ಮರಳಿದರು. ಮಗಳು ವಿಡಿಯೋದಲ್ಲಿ ಅಜ್ಜಿಯನ್ನು ಮರಾಠಿಯಲ್ಲಿ ವಿಚಾರಿಸಿ, ಅಜ್ಜಿಯಿಂದ ಕನ್ನಡದಲ್ಲಿ ಬೈಸಿಕೊಂಡಳು.

ಆ ದಿನಗಳಲ್ಲಿ ಅಡುಗೆ ನನ್ನ ಪಾಲಿಗೆ ಬಂತು. ಒಂದು ಭಾನುವಾರ ಧೈರ್ಯ ಮಾಡಿ ಜೋಳದ ಹಿಟ್ಟು ನಾದಿ ರೊಟ್ಟಿಗೆ ಕೈ ಹಾಕಿದೆ. ನಾಲ್ಕು ಏಟು ಹಾಕಿದೆ, ಹಿಟ್ಟು ಕೈಗೆ ಹತ್ತಿತು, ನಿಂತೆ. ಒಂದಿಷ್ಟು ಒಣ ಹಿಟ್ಟು ಹಾಕಿ ಮತ್ತೆ ಬಡಿದೆ, ಅಂಚು ಸೀಳಿತು, ಮತ್ತೆ ನಿಂತೆ. ಕೋಣೆಯಿಂದ ಅತ್ತೆಯ ದನಿ ಬಂತು:

“ಏನಾತ ನಿನಗ? ದವಾಖಾನಿಗೆ ಹೋಗೂಣೇನ?”

ನಾನು ಉತ್ತರ ಕೊಡುವ ಮೊದಲೇ ಅವರು ಗೋಡೆ ಹಿಡಿದು ಎದ್ದು ಬಂದಿದ್ದರು. ನನ್ನನ್ನು ಮೊಳಕೈಯಿಂದ ಪಕ್ಕಕ್ಕೆ ಸರಿಸಿದರು. ಬೇಡ ಎನ್ನಬೇಕೆಂದುಕೊಂಡೆ, ಆದರೆ ಸ್ವಲ್ಪ ಸ್ವಲ್ಪವಾಗಿ ಓಡಾಡಲಿ ಎಂದು ಡಾಕ್ಟರೇ ಹೇಳಿದ್ದರು. ಒಂದೇ ಒಂದು ಬಡಿಯಿರಿ ಎಂದು ಬಿಟ್ಟುಕೊಟ್ಟೆ. ನಾಲ್ಕು ನಿಧಾನದ ಏಟು. ಆಮೇಲೆ ಕೈ ಜೋರಾಯಿತು, ಇನ್ನೂ ಜೋರಾಯಿತು, ಅಂಚು ತಿರುಗಿತು, ಸಣ್ಣ ಸಣ್ಣ ಏಟು ಬಿದ್ದವು, ಎಲ್ಲೂ ನಿಲ್ಲಲಿಲ್ಲ. ಒಂದೇ ದಮ್ಮಿನಲ್ಲಿ ಮುಗಿದ ರೊಟ್ಟಿ ಹೆಂಚಿನ ಮೇಲೆ ಬಿತ್ತು. ಕೆಳಗಿನಿಂದ ಶಿಕ್ಷಕಿ ಚಪ್ಪಾಳೆ ತಟ್ಟಿದ್ದು ಕಿಟಕಿಯಲ್ಲಿ ಕೇಳಿಸಿತು.

ರೊಟ್ಟಿ ಬೆಂದು ಉಬ್ಬಿ ಇಳಿಯಿತು. ಅತ್ತೆ ಸ್ಟೂಲಿನ ಮೇಲೆ ನನಗೆ ಬೆನ್ನು ಮಾಡಿ ಕೂತು ಒಂದಿಷ್ಟು ಹೊತ್ತು ಸುಧಾರಿಸಿಕೊಂಡರು, ಆಮೇಲೆ ಮೆಂತ್ಯದ ಕಟ್ಟು ಬಿಚ್ಚಿ ಸೊಪ್ಪು ಬಿಡಿಸತೊಡಗಿದರು. ನಾನು ಪಾತ್ರೆ ಒರೆಸುವ ನೆಪ ಹೂಡಿ ಹಿಂದೆ ನಿಂತು ಗಡಿಯಾರ ನೋಡಿದೆ. ಸೆರಗು ಏರಿತು, ಇಳಿಯಿತು. ಮುಳ್ಳು ಒಂದು ಸುತ್ತು ಬಂತು.

ಅತ್ತೆ ಹಿಂದೆ ತಿರುಗಲಿಲ್ಲ. ಕೈಯಲ್ಲಿದ್ದ ಸೊಪ್ಪು ಬಿಡಿಸುತ್ತಲೇ ಕೇಳಿದರು:

“ಎಷ್ಟಾತು?”

ಒರೆಸುತ್ತಿದ್ದ ಪಾತ್ರೆ ನನ್ನ ಕೈಯಲ್ಲೇ ನಿಂತಿತು. ನಾಸಿಕದಿಂದ ಇಲ್ಲಿಯ ತನಕ ಅಷ್ಟೂ ಸಂಜೆ ನಾನು ಕದ್ದು ಎಣಿಸಿದ್ದೆಲ್ಲ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಬೆನ್ನು ಕೊಟ್ಟು ಕೂತಿದ್ದರು.

“ಹದಿನೆಂಟು,” ಎಂದೆ.

“ಹತ್ತೊಂಬತ್ತು,” ಎಂದರು ಅತ್ತೆ. “ಒಂದು ಬಿಟ್ಟಿ ನೀ.”